ಚಹಾದಲ್ಲಿ ಅದ್ದಿದ ನಕ್ಷತ್ರಗಳು

ರಿಯಾ, ಬರುವ ತಿಂಗಳು ನೀನು ಇಲ್ಲಿ ಕುವೈತಿನ ರಾಯ್ ಬಡಾವಣೆಯ ಒಂದು ಯೂನಿಫಾರ್ಮ್ ಕಂಪನಿಗೆ ಡಿಸೈನರ್ ಆಗಿ ಸೇರುತ್ತೀಯಲ್ಲ, ಆ ಸುದ್ದಿ ಕೇಳಿದಂದಿನಿಂದ ನಿನಗೆ ಹೇಳಬೇಕಾದ ಮಾತುಗಳು ನನ್ನ ತಲೆಯೊಳಗೆ ಸುತ್ತುತ್ತಿವೆ. ಹೇಳಲು ಹೊರಟರೆ ಬಾಯಿ ಕಟ್ಟುತ್ತದೆ. ನಾನು ಊರಿನ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದವಳು. ಅಲ್ಲಿಯೂ ಟೀಚರು ಪ್ರಶ್ನೆ ಕೇಳಿದರೆ, ಉತ್ತರ ಗೊತ್ತಿದ್ದರೂ ಬೆಂಚಿನ ಕೆಳಗೆ ಬಗ್ಗಿ ಪೆನ್ಸಿಲ್ ಹುಡುಕುತ್ತಿದ್ದೆ. ಮನೆಯಲ್ಲಿ ನಾವು ಕೊಂಕಣಿ ಆಡುತ್ತೇವೆ, ಆದರೆ ನನ್ನ ಕೈಗೆ ಬರುವ ಅಕ್ಷರ ಕನ್ನಡದ್ದು ಮಾತ್ರ. ನಿನಗೂ ನಿನ್ನ ತಮ್ಮ ಜೋಯೆಲ್‌ಗೂ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ನಿಮ್ಮ ಅಮ್ಮ ಓದಿ ಹೇಳಲಿ. ಅವಳು ನಡುನಡುವೆ ನಕ್ಕರೆ ಅದು ನನ್ನನ್ನು ನೆನೆದಲ್ಲ, ನಿನ್ನನ್ನು ನೋಡಿ ಎಂದು ತಿಳಿ.

ನಿಮ್ಮ ಅಜ್ಜ ತೀರಿಕೊಂಡಾಗ ನಿಮ್ಮ ಅಮ್ಮ ಲವೀನಾ ಇನ್ನೂ ಶಾಲೆಗೆ ಹೋಗುತ್ತಿದ್ದಳು. ಅವಳನ್ನು ನನ್ನ ಅಕ್ಕನ ಮನೆಯಲ್ಲಿ ಬಿಟ್ಟು ನಾನು ಕುವೈತಿಗೆ ಬಂದೆ. ಮದುವೆಯಾದ ಮೇಲೆ ಅವಳೂ ಇಲ್ಲಿಗೆ ಬಂದಳು, ನೀವು ಬೆಳೆದದ್ದು ಇಲ್ಲೇ. ರಾಯ್‌ನಲ್ಲಿ ಕಾರಿನ ಷೋರೂಮುಗಳ ಹಿಂದುಗಡೆ ನಮ್ಮ ವರ್ಕ್‌ಶಾಪ್. ಆಸ್ಪತ್ರೆಯ ಗೌನು, ಶಾಲೆಯ ಅಂಗಿ, ಹೋಟೆಲಿನ ಏಪ್ರನ್ನು, ಇವೇ ನಮ್ಮ ಕೆಲಸ. ಕತ್ತರಿಸುವ ಮಾಸ್ಟರ್ ಅಬು ನಬೀಲ್ ಎಂಬ ಪ್ಯಾಲೆಸ್ತೀನಿನವರು. ಅವರ ಹುಬ್ಬು ನಮ್ಮ ಬಟ್ಟೆ ತಿಕ್ಕುವ ಬ್ರಷ್ಷಿನಷ್ಟು ದಪ್ಪ. ಮೊದಲ ದಿನವೇ ನನ್ನ ಮಗಳ ಹೆಸರು ಕೇಳಿ, ಅಂದಿನಿಂದ ನನ್ನನ್ನು "ಉಮ್ಮ್ ಲವೀನಾ" ಎಂದು ಕರೆದರು, ಲವೀನಾಳ ತಾಯಿ ಎಂದು. ನಾವಿಬ್ಬರೂ ಅರ್ಧ ಅರಬಿ, ಅರ್ಧ ಹಿಂದಿ, ಉಳಿದದ್ದು ಕೈಸನ್ನೆಯಲ್ಲಿ ಮಾತಾಡುತ್ತಿದ್ದೆವು. ಇಲ್ಲಿ ಅದನ್ನು ಕನ್ನಡದಲ್ಲಿ ಬರೆಯುತ್ತೇನೆ.

ನನ್ನ ಮೊದಲ ದೊಡ್ಡ ಎಡವಟ್ಟು ಒಂದು ಶಾಲೆಯ ಅಂಗಿಗಳದ್ದು. ಜೇಬಿನ ಮೇಲೆ ಅರಬಿ ಅಕ್ಷರದ ಬ್ಯಾಡ್ಜು ಹೊಲಿಯಬೇಕಿತ್ತು. ನನಗೆ ಆ ಲಿಪಿಯ ತಲೆಯೂ ತಿಳಿಯದು, ಕಾಲೂ ತಿಳಿಯದು. ಇಡೀ ಆರ್ಡರಿಗೆ ಬ್ಯಾಡ್ಜು ತಲೆಕೆಳಗಾಗಿ ಹೊಲಿದುಬಿಟ್ಟೆ. ಅಬು ನಬೀಲ್ ಒಂದು ಅಂಗಿ ಎತ್ತಿ ಹಿಡಿದರು. ಅಂಗಿಯನ್ನು ತಿರುಗಿಸಲಿಲ್ಲ, ತಮ್ಮ ತಲೆಯನ್ನೇ ವಾಲಿಸಿ ಓದಿದರು.

"ಉಮ್ಮ್ ಲವೀನಾ, ಈ ಶಾಲೆಯಲ್ಲಿ ಓದೋರು ಮಕ್ಕಳೋ, ಬಾವಲಿಗಳೋ?"

ನಾನು ಅಳತೊಡಗಿದೆ. ಅವರು ಸ್ಟೂಲು ಎಳೆದುಕೊಂಡು ಎದುರಿಗೆ ಕೂತು, ಬ್ಲೇಡು ತೆಗೆದು, ನನ್ನ ಜೊತೆ ಒಂದೊಂದೇ ಬ್ಯಾಡ್ಜು ಬಿಚ್ಚಿದರು. "ಖಲಾಸ್, ಅಳಬೇಡ. ಅರಿವೆ ಏನೂ ತಪ್ಪು ಮಾಡಿಲ್ಲ. ಬಿಚ್ಚಿ ಮತ್ತೆ ಹೊಲಿ." ಆಮೇಲೆ ವರ್ಷಗಟ್ಟಲೆ ಬೇರೆಯವರಿಗೂ ಅವರು ಇದೇ ಮಾತು ಹೇಳುವುದನ್ನು ಕೇಳಿದೆ. ಬೈಗುಳ ಮಾತ್ರ ಒಬ್ಬೊಬ್ಬರಿಗೆ ಒಂದೊಂದು.

ಆಗ ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿಸುತ್ತಿದ್ದರು. ಆಮೇಲೆ ಕಾಗದದ ಪ್ಯಾಟರ್ನ್ ಬಂತು, ಕೊನೆಗೆ ಕಂಪ್ಯೂಟರಿನ ಯಂತ್ರ ಬಂತು. ಯಂತ್ರ ಕತ್ತರಿಸಿದ ಅರಿವೆ ಬೆಣ್ಣೆ ಕುಯ್ದ ಹಾಗಿರುತ್ತಿತ್ತು, ಸುಳ್ಳು ಹೇಳಬಾರದು. ಆದರೆ ಒಂದು ಹೋಟೆಲಿನ ವೇಟರುಗಳೆಲ್ಲ ಹೊಸ ಕೋಟು ಹಾಕಿ ಟ್ರೇ ಎತ್ತಿದ ಕೂಡಲೇ ಕಂಕುಳು ಹರಿಯಿತು. ಯಂತ್ರಕ್ಕೆ ಯಾರೂ ವೇಟರು ಕೈ ಎತ್ತುತ್ತಾನೆಂದು ಹೇಳಿರಲಿಲ್ಲ. ಅಂದಿನಿಂದ ಅಬು ನಬೀಲ್ ಯಾವ ಬಟ್ಟೆಯನ್ನಾದರೂ ಯಾರಿಗಾದರೂ ತೊಡಿಸಿ, "ಕೈ ಎತ್ತು!" ಎಂದು ಗದರಿಸುತ್ತಿದ್ದರು. ಹೊಸಬರು ಹೆದರಿ ಎರಡೂ ಕೈ ಎತ್ತಿ ನಿಲ್ಲುತ್ತಿದ್ದರು, ಪೊಲೀಸರು ಹಿಡಿದ ಹಾಗೆ. ನೀನೂ ಎತ್ತಿಸಿ ನೋಡು. ಇದು ನಿನಗೆ ನನ್ನ ಟಿಪ್.

ಇನ್ನು ನಾಟಕದ ವಿಷಯ. ಸಿಟ್ಟಾಗಬೇಡ, ನಿನ್ನನ್ನು ಬಿಟ್ಟು ಇದನ್ನು ಬರೆಯಲಾಗುವುದಿಲ್ಲ.

ಈ ಸಲ ಈಸ್ಟರಿಗೆ ಮೊದಲಿನ ತಪಸ್ಸಿನ ಕಾಲಕ್ಕೆ ಚರ್ಚಿನ ಯುವಜನರು ಯೇಸುವಿನ ಶಿಲುಬೆ ಮರಣದ ನಾಟಕ ಆಡುವುದೆಂದಾಯಿತು. ಬರೆದದ್ದು ನೀನು, ಮರಿಯಾ ಮಾತೆಯೂ ನೀನೇ. ಯೇಸುವಿನ ವಿಚಾರಣೆ ನಡೆಸಿದ ಯಹೂದಿ ಮುಖ್ಯ ಯಾಜಕನ ಪಾತ್ರ ಆಲ್ವಿನ್‌ನದು, ನಮ್ಮ ಮೇಲಿನ ಫ್ಲ್ಯಾಟಿನ ಹುಡುಗ, ಚಿಕ್ಕಂದಿನಲ್ಲಿ ಚರ್ಚಿನ ಮೊದಲ ಪರಮಪ್ರಸಾದದ ತರಗತಿಯಿಂದ ನಿನ್ನ ಗೆಳೆಯ. ಬಟ್ಟೆ ನನ್ನ ಪಾಲು. ನನ್ನ ಕೆಲಸ ಮುಗಿಯುತ್ತ ಬಂದಿತ್ತು, ಊರಿಗೆ ಹೋಗುವ ಮಾತು ನಡೆದಿತ್ತು. ಹೊರಡುವ ಮೊದಲು ನಿನ್ನನ್ನು ಆ ಪಾತ್ರದಲ್ಲಿ, ನಾನು ಹೊಲಿದ ಬಟ್ಟೆಯಲ್ಲಿ ನೋಡಬೇಕು, ಇದೊಂದೇ ಆಸೆ ಇತ್ತು ನನಗೆ.

ಆದರೆ ನಿಮ್ಮಿಬ್ಬರ ನಡುವೆ ಇಸ್ರೇಲ್ ಬಂದು ಕೂತಿತ್ತು.

ಆಲ್ವಿನ್ ಯಾವುದೋ ಪರದೇಶದ ಬೋಧಕರ ವಿಡಿಯೊ ನೋಡಿ ನೋಡಿ, ಇಸ್ರೇಲ್ ಎಂದರೆ ದೇವರ ಗಡಿಯಾರ, ಅಲ್ಲಿ ಮುಳ್ಳು ತಿರುಗಿದರೆ ಲೋಕಾಂತ್ಯ ಎನ್ನುತ್ತಿದ್ದ. ಅಲ್ಲಿಯವರು ಏನು ಮಾಡಿದರೂ ಅವನಿಗೆ ಸರಿ. ನೀನು ಗಾಜಾದ ಮಕ್ಕಳ ಚಿತ್ರ ನೋಡಿ ಊಟ ಬಿಟ್ಟೆ, ರಾತ್ರಿ ನನ್ನ ಮಗ್ಗುಲಲ್ಲಿ ಮಲಗಿ ಅತ್ತೆ. ಆ ಅಳು ನನಗೆ ಅರ್ಥವಾಗುತ್ತಿತ್ತು. ಬರಬರುತ್ತ ನಿನ್ನ ಫೋನಿನಲ್ಲಿ ಬರುವುದು ಬೇರೆಯಾಯಿತು. ಸೈನ್ಯ ಹೋಗಿ ಸರ್ಕಾರ ಬಂತು, ಸರ್ಕಾರ ಹೋಗಿ "ಆ ಜನ" ಬಂದರು, ಎಂದರೆ ಯಹೂದಿಗಳೆಲ್ಲ. ಬ್ಯಾಂಕೆಲ್ಲ ಅವರದಂತೆ, ರೋಗ ಹರಡಿದ್ದೂ ಅವರಂತೆ. ನೀನು ಅಳುವುದು ನಿಂತು ನಗುವುದು ಶುರುವಾಯಿತು. ಒಂದು ಸಂಜೆ ನಿಮ್ಮ ಗುಂಪಿನ ಒಬ್ಬ ಹುಡುಗ ಫೋನಿನಲ್ಲಿ, ಆ ಜರ್ಮನಿಯವನು ಅವರನ್ನು ಕೊಂದು ಮುಗಿಸುವ ಕೆಲಸ ಅರ್ಧಕ್ಕೇ ಬಿಟ್ಟ ಎಂದ. ನೀನು ನಕ್ಕೆ. ನಾನು ಈರುಳ್ಳಿ ಹೆಚ್ಚುತ್ತಿದ್ದೆ. ಬಾಯಿಬಿಟ್ಟು ಹೇಳುವ ಜಾತಿಯವಳಲ್ಲ ನಾನು. ಆದರೆ ಆ ದಿನ ಈರುಳ್ಳಿ ಬಹಳ ಸಣ್ಣಗಾಯಿತು.

ರಿಹರ್ಸಲ್‌ನಲ್ಲಿ ನೀವಿಬ್ಬರೂ ಕಿರುಚಾಡಿದ್ದು ಫಾದರ್ ಕಿವಿಗೆ ಬಿತ್ತು. ಅವರು ಸಭಾಂಗಣದ ಬಾಗಿಲಲ್ಲಿ ನಿಂತು, "ಇನ್ನೊಂದು ಸಲ ಇಸ್ರೇಲಿನ ಜಗಳ ಕೇಳಿದರೆ ನಾಟಕ ಇಲ್ಲ. ಶಿಲುಬೆಯ ಹಾದಿಯ ಪ್ರಾರ್ಥನೆ ಮಾತ್ರ. ಎಲ್ಲರೂ ಮೊಣಕಾಲಲ್ಲಿ!" ಎಂದರು. ನನ್ನ ಆಸೆಗೆ ಅಂದೇ ಬಿರುಕು ಬಿತ್ತು.

ಅದರ ಮೇಲೆ ನೀನು ಮೂಗಿನ ಚಿತ್ರ ತಂದೆ.

"ಗ್ರ್ಯಾನಿ, ಪ್ರೀಸ್ಟ್‌ಗಳಿಗೆಲ್ಲ ಇಂಥ ನೋಸ್ ಬೇಕು. ಲಾಂಗ್, ಹುಕ್ ಥರ. ಆಡಿಯೆನ್ಸ್‌ಗೆ ನೋಡಿದ ಕೂಡಲೇ ಗೊತ್ತಾಗಬೇಕು."

ನನಗೆ ಮೂಗು ಹೊಸದಲ್ಲ. ನನ್ನ ಬಾಲ್ಯದಲ್ಲಿ ಊರಿನ ಕಾಪೆಲಿನಲ್ಲಿ, ಎಂದರೆ ಸಣ್ಣ ಚರ್ಚಿನಲ್ಲಿ, ಇಂಥ ನಾಟಕಕ್ಕೆಂದೇ ಕಾಗದದ ಮೂಗುಗಳ ಪೆಟ್ಟಿಗೆಯೇ ಇತ್ತು. ನನ್ನ ಚಿಕ್ಕಪ್ಪ ಅದನ್ನು ಹಾಕಿಕೊಂಡೇ ನೀರು ಕುಡಿಯಲು ಹೋಗಿ ಮೂಗು ಕರಗಿ ಲೋಟದೊಳಗೆ ಬಿದ್ದಿತ್ತು. ಆದರೆ ನಾನು ಚಿತ್ರ ನೋಡಿ ಕೆಲಸ ಮಾಡುವವಳಲ್ಲ, ಮೈ ನೋಡಿ ಮಾಡುವವಳು. ಅಳತೆಗೆ ಒಂದು ಮೂಗು ಬೇಕು. ಹತ್ತಿರ ಇದ್ದದ್ದು ನಿನ್ನದು. ನಿನ್ನ ಮುಖಕ್ಕೆ ಎಣ್ಣೆ ಸವರಿ, ಒದ್ದೆ ಕಾಗದ ಒತ್ತಿ ಅಚ್ಚು ತೆಗೆದೆ. ಹೊಲಿಗೆಗೆ ಅಂಚು ಬಿಡುವ ಅಭ್ಯಾಸ ನೋಡು, ಇದಕ್ಕೂ ಬಿಟ್ಟೆ, ತುದಿಗೆ ಸ್ವಲ್ಪ, ಬೆನ್ನಿಗೆ ಸ್ವಲ್ಪ. ಮೈದಾ ಅಂಟಿನಲ್ಲಿ ಕಾಗದ ಅರೆದು ತುಂಬಿ, ಒಣಗಿಸಿ, ಬಣ್ಣ ಹಚ್ಚಿದೆ.

ಆಲ್ವಿನ್ ಅದನ್ನು ಹಾಕಿಕೊಂಡು ನಮ್ಮ ಮನೆಯ ಹಾಲ್‌ನಲ್ಲಿ ನಿಂತ. ನಿಮ್ಮ ಅಮ್ಮ ದೋಸೆ ಸಟ್ಟುಗ ಹಿಡಿದು ಅಡುಗೆಮನೆಯಿಂದ ಬಂದವಳು ಅಲ್ಲೇ ನಿಂತುಬಿಟ್ಟಳು.

"ಡ್ಯಾಡಿ!"

ಜೋಯೆಲ್ ಓಡಿಹೋಗಿ ಗೋಡೆಯ ಮೇಲಿನ ನಿಮ್ಮ ಅಜ್ಜನ ಫೋಟೊ ತಂದು ಆಲ್ವಿನ್ ಪಕ್ಕದಲ್ಲಿ ಹಿಡಿದ. ಥೇಟ್ ಅದೇ ಮೂಗು. ಮದುವೆಗೆ ಹೆಣ್ಣು ನೋಡಲು ಬಂದಾಗ ಆ ಮನುಷ್ಯನಿಗಿಂತ ಮೊದಲು ನಮ್ಮ ಮನೆಯ ಹೊಸ್ತಿಲು ದಾಟಿದ್ದ ಮೂಗು ಅದು.

"ಆಂಟಿ, ನಾನು ತೆಗೀಲಾ?" ಎಂದ ಆಲ್ವಿನ್, ಮೂಗಿನಲ್ಲೇ.

"ಸ್ವಲ್ಪ ಇರಲಿ ಮಾರಾಯ, ಒಮ್ಮೆ ಬದಿಗೆ ತಿರುಗು," ಎಂದೆ ನಾನು. ಎಷ್ಟೋ ವರ್ಷದ ಮೇಲೆ ನೋಡಿದ್ದಲ್ಲವೇ.

ನೀನು ಹೊಟ್ಟೆ ಹಿಡಿದು ನಕ್ಕೆ. ನಗುತ್ತ ಕನ್ನಡಿಯಲ್ಲಿ ನಿನ್ನ ಮುಖ ನೋಡಿಕೊಂಡೆ, ನಗು ನಿಂತಿತು. ಮೂಗನ್ನು ನೀನೇ ಅವನ ಮುಖದಿಂದ ಕಳಚಿ ಷೋಕೇಸಿನಲ್ಲಿ ಅಜ್ಜನ ಫೋಟೊದ ಮುಂದೆ ಇಟ್ಟೆ. ಅದು ಇನ್ನೂ ಅಲ್ಲೇ ಉಂಟು.

"ಓಕೆ, ನೋ ನೋಸ್," ಎಂದೆ. "ಆದರೆ ಡ್ರೆಸ್‌ನಲ್ಲಾದರೂ ಅವರು ಡಿಫರೆಂಟ್ ಕಾಣಬೇಕು."

ಆಲ್ವಿನ್ ಕೂಡಲೇ ಫೋನಿನಲ್ಲಿ ಯಹೂದಿಗಳ ಪ್ರಾರ್ಥನೆಯ ಶಾಲು ತೋರಿಸಿದ. ಬಿಳಿ ಅರಿವೆ, ಎರಡು ಅಂಚಿಗೆ ನೀಲಿ ಪಟ್ಟಿ. "ಆಂಟಿ, ನಡುವೆ ಒಂದು ಸ್ಟಾರ್ ಕೂಡ ಇರಲಿ." ಅವನಿಗೆ ಅದು ಗೌರವಕ್ಕೆ ಬೇಕಿತ್ತು, ನಿನಗೆ ಗುರುತಿಗೆ. ತಿಂಗಳುಗಳ ಮೇಲೆ ನೀವಿಬ್ಬರೂ ಒಂದು ಮಾತಿಗೆ ಒಪ್ಪಿದ್ದು ಅದೇ ಮೊದಲು. ನನಗೆ ಸಂತೋಷವಾಗಿ, ಇನ್ನೇನೂ ಕೇಳಲಿಲ್ಲ.

ವರ್ಕ್‌ಶಾಪಿನಲ್ಲಿ ಶಾಲೆಯ ಆರ್ಡರಿನಿಂದ ಉಳಿದ ನೀಲಿ ಹತ್ತಿ ಪಟ್ಟಿ ಇತ್ತು. ನಕ್ಷತ್ರ ಎಂದರೆ ನನಗೆ ಕ್ರಿಸ್ಮಸ್ ನಕ್ಷತ್ರ. ಊರಲ್ಲಿ ನಾವು ಬಿದಿರು ಕಡ್ಡಿಯ ಎರಡು ತ್ರಿಕೋನ ಮಾಡಿ, ಒಂದರ ಮೇಲೊಂದು ತಿರುಗಿಸಿ ಕಟ್ಟಿ, ಬಣ್ಣದ ಕಾಗದ ಅಂಟಿಸುತ್ತಿದ್ದೆವು. ಅರಿವೆಯಲ್ಲೂ ಅದೇ ಲಾಭ. ಐದು ಮೂಲೆಯ ನಕ್ಷತ್ರ ಕತ್ತರಿಸಿದರೆ ಚೂರು ಚೂರು ಹಾಳು. ಎರಡು ತ್ರಿಕೋನಕ್ಕೆ ಒಂದು ಎಳೆಯೂ ದಂಡವಿಲ್ಲ. ಪ್ರತಿ ಶಾಲಿನ ನಡುವೆ ಆರು ಮೂಲೆಯ ನೀಲಿ ನಕ್ಷತ್ರ ಕೂರಿಸಿದೆ. ಇಸ್ರೇಲಿನ ಬಾವುಟ ಕುವೈತಿನಲ್ಲಿ ಯಾರೂ ಹಾರಿಸುವುದಿಲ್ಲ. ನಾನು ಅದನ್ನು ನೋಡಿದ್ದು ಟಿವಿಯಲ್ಲಿ, ಸುಡುವಾಗ ಮಾತ್ರ. ಸುಡುವಾಗ ಯಾವ ಬಾವುಟವೂ ಸರಿಯಾಗಿ ಕಾಣುವುದಿಲ್ಲ.

ಶಾಲು ಗಂಜಿ ಹಾಕಿದ ಹಾಗೆ ಬಿರುಸಾಗಿತ್ತು. ಮೆತ್ತಗಾಗಲಿ ಎಂದು ಒಗೆದು, ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದಾಗ ವರ್ಕ್‌ಶಾಪಿನ ತಾರಸಿಯಲ್ಲಿ ರಸ್ತೆಯ ಬದಿಗೆ ಹಗ್ಗ ಕಟ್ಟಿ ಸಾಲಾಗಿ ಒಣಹಾಕಿದೆ. ಗಾಳಿ ಚೆನ್ನಾಗಿತ್ತು. ಎಲ್ಲ ಶಾಲುಗಳೂ ಪಟಪಟನೆ ಹಾರಿದವು.

ಕೆಳಗೆ ಕಾರುಗಳು ಹಾರ್ನ್ ಹೊಡೆಯತೊಡಗಿದವು. ಮೊದಲು ಒಂದು, ಆಮೇಲೆ ನಾಲ್ಕಾರು. ಯಾರೋ ಕಿಟಕಿಯಿಂದ ಕೈ ಹೊರಹಾಕಿ ಏನೋ ಕೂಗಿದ. ಈ ವಯಸ್ಸಿನ ನನ್ನನ್ನು ನೋಡಿ ಇವರಿಗೆ ಇದೇನು ಎಂದು ನಾನು ನಾಚಿಕೊಂಡು ತಲೆಗೆ ಶಾಲು ಹೊದ್ದು ಹಿಂದೆ ಸರಿದೆ. ಹೊದ್ದದ್ದೂ ಅದರಲ್ಲೇ ಒಂದು.

ನಮ್ಮ ವ್ಯಾನ್ ಡ್ರೈವರ್ ಸದಾನಂದ, ಉಡುಪಿ ಕಡೆಯ ತುಳುವ, ಮೆಟ್ಟಿಲು ಹಾರಿಕೊಂಡು ಮೇಲೆ ಬಂದ. ನನ್ನನ್ನು ನೋಡಿ ಎರಡೂ ಕೈ ಮುಗಿದ.

"ಬಾಯಮ್ಮಾ, ದಮ್ಮಯ್ಯ! ಎಂಥ ಮಾಡಿದ್ರಿ ನೀವು?"

"ಎಂಥ ಆಯ್ತು? ಶಾಲು ಒಣಗ್ಲಿಕ್ಕೆ ಹಾಕಿದ್ದು."

"ಶಾಲಾ? ಕೆಳಗೆ ಬಂದು ನೋಡಿ ಮಾರಾಯ್ರೆ! ರಾಯ್‌ನಲ್ಲಿ ಇಸ್ರೇಲಿನ ಎಂಬೆಸಿ ಓಪನ್ ಆದ ಹಾಗೆ ಉಂಟು! ಪೊಲೀಸು ಬಂದ್ರೆ ನಮ್ಮ ಇಕಾಮಾ ಪರ್ಮಿಟ್ಟು ಬಿಡಿ, ನಮ್ಮ ಅಂಗಿಯೂ ಸಿಗ್ಲಿಕ್ಕಿಲ್ಲ. ಮೊದಲು ತಲೆಯಿಂದ ಅದನ್ನು ತೆಗೀರಿ!"

ನಾನು ತೆಗೆಯುವಷ್ಟರಲ್ಲಿ ಅವನ ಹಿಂದೆ ಅಬು ನಬೀಲ್ ನಿಂತಿದ್ದರು.

ಅವರ ತಂಗಿ ಗಾಜಾದಲ್ಲಿದ್ದಳು. ಆ ದಿನಗಳಲ್ಲಿ ಅವರು ಕತ್ತರಿ ಹಿಡಿದರೂ ಒಂದು ಕಣ್ಣು ಫೋನಿನ ಮೇಲೆ. ಲೈನು ಸಿಕ್ಕರೆ ನಾಲ್ಕು ಮಾತು, ಮತ್ತೆ ಕಡಿತ. ಅಂಥ ಮನುಷ್ಯನ ತಾರಸಿಯ ಮೇಲೆ ನಾನು ಏನನ್ನು ಹಾರಿಸಿದೆನೆಂದು ಆ ಹೊತ್ತಿಗೆ ನನಗೆ ಹೊಳೆದಿತ್ತು. ಬಗ್ಗಿ ಹುಡುಕಲು ಅಲ್ಲಿ ಪೆನ್ಸಿಲ್ಲೂ ಇರಲಿಲ್ಲ.

ಅವರು ಬೈಯಲಿಲ್ಲ. ಒಂದೊಂದೇ ಶಾಲು ಹಗ್ಗದಿಂದ ತೆಗೆದು, ಅಂಚಿಗೆ ಅಂಚು ಕೂಡಿಸಿ ಮಡಚಿದರು. ನಾಟಕ ಮುಗಿಯಿತು, ನನ್ನ ಕೆಲಸವೂ ಮುಗಿಯಿತು ಎಂದುಕೊಂಡೆ. ಎಲ್ಲ ಮಡಚಿದ ಮೇಲೆ ಒಂದನ್ನು ತೆರೆದು ನಕ್ಷತ್ರದ ಹೊಲಿಗೆಯನ್ನು ಉಗುರಿನಿಂದ ಕೆದಕಿದರು.

"ಎರಡು ತ್ರಿಕೋನ?"

"ಅರಿವೆ ಉಳೀತದೆ," ಎಂದೆ.

ಆ ದಪ್ಪ ಹುಬ್ಬುಗಳು ಅಲುಗಾಡಿದವು. ಆಮೇಲೆ ಹೆಗಲು ಅಲುಗಾಡಿತು. ಆ ಮನುಷ್ಯ ನೀರಿನ ಟ್ಯಾಂಕಿಗೆ ಒರಗಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಬಹಳ ದಿನಗಳಿಂದ ಅವರು ನಕ್ಕದ್ದನ್ನು ಯಾರೂ ನೋಡಿರಲಿಲ್ಲ. ನಕ್ಕು ಮುಗಿಸಿ, ಕಣ್ಣು ಒರೆಸಿದ್ದೂ ಅದೇ ಶಾಲಿನಿಂದ.

"ಅರಿವೆ ಏನೂ ತಪ್ಪು ಮಾಡಿಲ್ಲ," ಎಂದರು. "ಬಿಚ್ಚು. ಸದಾನಂದ್, ಚಹಾಪುಡಿ ತಾ. ಚೀಲವೇ ತಾ."

ಮರುದಿನ ಡ್ರೆಸ್ ರಿಹರ್ಸಲ್. ಉಳಿದ ಬಟ್ಟೆಗಳಿಗೆ, ಅಂದರೆ ಶಿಷ್ಯರದ್ದು, ಮರಿಯಾ ಮಾತೆಯದ್ದು, ಯೇಸುವಿನದ್ದು, ಬೇರೆ ಬೇರೆ ಬಣ್ಣ ಕಟ್ಟಬೇಕೆಂದು ನಾನು ಬಿಳಿಯಾಗಿಯೇ ಇಟ್ಟಿದ್ದೆ. ಅದಕ್ಕೆಲ್ಲ ಈಗ ಸಮಯವಿಲ್ಲ. ಆಸ್ಪತ್ರೆಯ ಅರಿವೆ ಕುದಿಸುವ ದೊಡ್ಡ ಹಂಡೆಯಲ್ಲಿ ಚಹಾ ಕಾಯಿಸಿ, ನಕ್ಷತ್ರ ಬಿಚ್ಚಿದ ಶಾಲುಗಳನ್ನೂ ಉಳಿದದ್ದನ್ನೂ ಒಟ್ಟಿಗೆ ಮುಳುಗಿಸಿದೆವು. ನೀಲಿ ಪಟ್ಟಿ ಕೆಸರಿನ ಬಣ್ಣವಾಯಿತು. ಒಟ್ಟಾರೆ ಎಲ್ಲವೂ ಹಳೆಯ ಬೆಲ್ಲದ ಬಣ್ಣ.

ಅಷ್ಟರಲ್ಲಿ ಬಟ್ಟೆ ಒಯ್ಯಲು ನೀನೂ ಆಲ್ವಿನ್‌ನೂ ಬಂದಿರಿ. ನೀನು ಹಂಡೆಯೊಳಗೆ ಇಣುಕಿದೆ.

"ಗ್ರ್ಯಾನಿ! ಇದರಲ್ಲಿ ಜೀಸಸ್ ಯಾರು, ಪ್ರೀಸ್ಟ್ ಯಾರು? ಯಹೂದಿಗಳು ಯಾರು ಅಂತ ಹೇಗೆ ಗೊತ್ತಾಗಬೇಕು?"

"ಜೀಸಸ್, ಮರಿಯಾ, ಎಲ್ಲ ಅವರೇ ಅಲ್ವಾ?" ಎಂದ ಆಲ್ವಿನ್ ಗೆದ್ದವನ ಹಾಗೆ. "ನಾನು ಹೇಳಿದ್ದೂ ಅದೇ. ಚೋಸನ್ ಪೀಪಲ್, ದೇವರು ಆರಿಸಿದ ಜನ."

"ಶಟಪ್, ಆಲ್ವಿನ್!"

ನಾನು ಬಾಗಿಲ ಕಡೆ ನೋಡಿದೆ, ಫಾದರ್ ಬಂದುಬಿಟ್ಟರೇನೋ ಎಂದು. ಅಬು ನಬೀಲ್ ಕೋಲಿನಿಂದ ಹಂಡೆ ತಿರುವುತ್ತಿದ್ದರು. ಅವರು ಯಾರು, ಅವರ ತಂಗಿ ಎಲ್ಲಿದ್ದಾಳೆ ಎಂದು ನಾನು ನಿನ್ನ ಕಿವಿಯಲ್ಲಿ ಹೇಳಿದೆ. ನೀನು ಅವರ ಹತ್ತಿರ ಹೋಗಿ ಹಿಂದಿಯಲ್ಲಿ ಅಂದದ್ದು ನನಗೆ ನೆನಪಿದೆ. "ಅಂಕಲ್, ನಾವೆಲ್ಲ ನಿಮ್ಮ ಸೈಡ್. ಆ ಜನರನ್ನು ಕಂಡರೆ ನಮಗಾಗೋದಿಲ್ಲ. ಒಬ್ಬರನ್ನೂ ಬಿಡಬಾರದು."

ಅವರಿಗೆ ಖುಷಿಯಾಗುತ್ತದೆ ಎಂದು ನಿನಗನ್ನಿಸಿತ್ತು. ನನಗೂ ಅನ್ನಿಸಿತ್ತು.

"ನನಗೋಸ್ಕರವಾ, ಯಾ ಬಿಂತಿ?" ಎಂದರು ಅವರು, ಮಗಳೇ ಎಂದು. "ನನ್ನ ತಂಗಿಗೆ ಹಿಟ್ಟು ಬೇಕು. ನಿನ್ನ ಈ ಸಿಟ್ಟನ್ನು ಕಲಸಿದರೆ ರೊಟ್ಟಿ ಆಗುತ್ತಾ?"

ನೀನು ಹಂಡೆಯ ಆವಿಯನ್ನೇ ನೋಡಿದೆ.

"ಅವಳ ಮನೆ ಬೀಳಿಸಿದವನ ಮೇಲೆ ನನಗೆ ಸಿಟ್ಟುಂಟು. ಸಾಯೋ ತನಕ ಉಂಟು. ಅದು ನನ್ನದು. ಅದನ್ನು ತಗೊಂಡು ಊರಿಗೆಲ್ಲ ಹಂಚಬೇಡ." ಆಮೇಲೆ ಆಲ್ವಿನ್ ಕಡೆ ತಿರುಗಿ ಕೋಲು ಚಾಚಿದರು. "ನೀನು ಏನು ನೋಡ್ತಿ? ಯಲ್ಲಾ, ತಿರುವು!"

ಆಲ್ವಿನ್ ತಿರುವಿದ. ಆವಿಗೆ ಅವನ ಕನ್ನಡಕ ಮಂಜಾಯಿತು. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ, "ಅಂಕಲ್, ನಿಮ್ಮ ಸಿಸ್ಟರ್ ಹೆಸರೇನು? ನಾನು ಪ್ರೇಯರ್ ಮಾಡ್ತೇನೆ," ಎಂದ.

"ಹನಾನ್. ಮಾಡು. ಹಿಟ್ಟು ಕೇಳು, ನೀರು ಕೇಳು. ಯಾರ ಜಾಗ ಯಾವುದು ಅಂತ ದೇವರಿಗೆ ಹೇಳಿಕೊಡೋಕೆ ಹೋಗಬೇಡ."

ಆಲ್ವಿನ್ ತಲೆಯಾಡಿಸಿದ. ನೀನು ಇನ್ನೊಂದು ಕೋಲು ಹುಡುಕಿ ತಂದು ಎದುರು ಬದಿಗೆ ನಿಂತೆ. ಇಬ್ಬರೂ ತಿರುವಿದಿರಿ. ಆಮೇಲೆ ನೀನೇ ಕೇಳಿದೆ, ಈ ಸಲ ಸಣ್ಣ ಸ್ವರದಲ್ಲಿ, "ಬಟ್ ಅಂಕಲ್, ಆಡಿಯೆನ್ಸ್‌ಗೆ ಕೆಟ್ಟವರು ಯಾರು ಅಂತ ಹೇಗೆ ಗೊತ್ತಾಗೋದು?"

"ಬಾಯಿ ತೆರೀಲಿ, ಗೊತ್ತಾಗುತ್ತೆ."

ಆ ರಾತ್ರಿ ನೀನು ನಾಟಕದ ಮಾತುಗಳನ್ನು ಮತ್ತೆ ಬರೆದೆ. ಏನು ತೆಗೆದೆ, ಏನು ಇಟ್ಟೆ, ನಾನು ಕೇಳಲಿಲ್ಲ. ಶಿಲುಬೆಗೇರಿಸು ಎಂದು ಜನರ ಗುಂಪು ಕೂಗುವಲ್ಲಿ ಮಾತ್ರ ಶಿಷ್ಯರನ್ನೂ ಸೇರಿಸಿದೆ ಎಂದು ಜೋಯೆಲ್ ಹೇಳಿದ, ಶಿಷ್ಯನ ಪಾತ್ರದವನಾದ ತನಗೆ ಎರಡು ಕಡೆ ಕೂಗಲು ಸಿಕ್ಕಿತೆಂಬ ಸಂತೋಷದಲ್ಲಿ.

ಶುಕ್ರವಾರ ಚರ್ಚಿನ ಪೂಜೆಯಾದ ಮೇಲೆ ನಾಟಕ. ಎಲ್ಲರೂ ಒಂದೇ ಬೆಲ್ಲದ ಬಣ್ಣ. ಯೇಸುವಿನ ಶಿಷ್ಯ ಪೇತ್ರ ತಪ್ಪಿ ಯಾಜಕರ ಸಾಲಿನಲ್ಲಿ ನಿಂತ, ಒಬ್ಬ ಯಾಜಕ ಯೇಸು ಶಿಷ್ಯರೊಡನೆ ಮಾಡುವ ಕೊನೆಯ ಭೋಜನಕ್ಕೆ ಕೂತು ರೊಟ್ಟಿಯನ್ನೂ ತಿಂದ. ಜನ ನಕ್ಕರು, ಫಾದರ್ ಸಹ. ಶಿಲುಬೆಯ ಕೆಳಗೆ ನೀನು ನಿಂತಾಗ ಯಾರೂ ನಗಲಿಲ್ಲ. ನಿನ್ನ ತಲೆಯ ಮೇಲೆ ಆ ಶಾಲುಗಳಲ್ಲೇ ಒಂದಿತ್ತು. ಬಣ್ಣ ಒಂದೇ ಆದ ಮೇಲೆ ಯಾವುದು ಯಾರದೆಂದು ನನಗೂ ಗೊತ್ತಾಗದೆ ಕೈಗೆ ಸಿಕ್ಕಿದ್ದನ್ನು ಹೊದಿಸಿದ್ದೆ. ದೀಪ ಮೇಲಿಂದ ಬಿದ್ದಾಗ ನೋಡಿದೆ, ಬಿಚ್ಚಿದ ಹೊಲಿಗೆಯ ತೂತುಗಳು ಮುಚ್ಚಿರಲಿಲ್ಲ. ನಿನ್ನ ನೆತ್ತಿಯ ಮೇಲೆ ಆರು ಮೂಲೆಯ ನಕ್ಷತ್ರ ಸಣ್ಣ ಸಣ್ಣ ಚುಕ್ಕೆಗಳಾಗಿ ಕಾಣುತ್ತಿತ್ತು.

ಅಬು ನಬೀಲರನ್ನು ಸದಾನಂದ ವ್ಯಾನಿನಲ್ಲಿ ಕರೆತಂದು ಹಿಂದಿನ ಸಾಲಿನಲ್ಲಿ ಕೂರಿಸಿದ್ದ. ನಾಟಕ ಮುಗಿದ ಮೇಲೆ ನಾನು ಅಂಜುತ್ತ ಅವರ ಹತ್ತಿರ ಹೋದೆ.

"ಮರ್ಯಮ್‌ಳ ತಲೆಯ ಮೇಲೆ ಸೂಜಿ ತೂತು ಕಾಣ್ತಾ ಇತ್ತು," ಎಂದರು, ಮರಿಯಾ ಮಾತೆಯ ಅರಬಿ ಹೆಸರು ಹಿಡಿದು.

"ಗೊತ್ತಾಗಲಿಲ್ಲ ಮಾಸ್ಟರ್. ಬೇರೆ ಕೊಡಬೇಕಿತ್ತು."

"ಬೇಡ, ಇರಲಿ ಬಿಡು." ಅವರು ವೇದಿಕೆಯ ಕಡೆ ನೋಡಿದರು. ಅಲ್ಲಿ ನೀನೂ ಆಲ್ವಿನ್‌ನೂ ಶಿಲುಬೆಯನ್ನು ಎರಡು ತುದಿ ಹಿಡಿದು ಒಳಗೆ ಒಯ್ಯುತ್ತ, ಬಾಗಿಲಿಗೆ ಸಿಕ್ಕಿಸಿಕೊಂಡು ಜಗಳವಾಡುತ್ತಿದ್ದಿರಿ. "ಆ ನಕ್ಷತ್ರ ಮರ್ಯಮ್‌ಳದೇ ಅಲ್ಲವೇ."

ಆಮೇಲೆ ಹುಬ್ಬು ಗಂಟಿಕ್ಕಿದರು.

"ಆದರೆ ಉಮ್ಮ್ ಲವೀನಾ, ಎಡತೋಳು ಉದ್ದವಾಗಿದೆ. ಹುಡುಗಿಯ ಕೈ ಎತ್ತಿಸಿ ನೋಡಲಿಲ್ಲ ನೀನು."